ಬಾಗಿಲು ದಾಟಿದ ಹೌದು

ಮಲಪ್ರಭೆಯ ದಂಡೆಯಲ್ಲಿ ಸಂಗಮ್ಮನವರ ಆಶ್ರಮ. ಅಲ್ಲಿ ಕಲಿಸುತ್ತಿದ್ದದ್ದು ಒಂದೇ ವಿದ್ಯೆ. ಯಂತ್ರಗಳಿಗೆ ಕೆಲಸ ಹೇಳಲು ಬೇಕಾದ ಭಾಷೆಯನ್ನು ಕಟ್ಟುವುದು.

ಜಪತಪ ಇರುತ್ತದೆಂದು ಬಂದವರು ಊಟ ಮುಗಿಸಿ ಹೊರಟುಹೋಗುತ್ತಿದ್ದರು. ಕಂಪ್ಯೂಟರ್ ತೆರೆದು ಕೂತವರು ಉಳಿಯುತ್ತಿದ್ದರು.

ದಾಕ್ಷಾಯಿಣಿ ಹಾಗೆ ಉಳಿದವಳು. ಹುಡುಗಿ ಬಲು ಎತ್ತರ. ಅಡುಗೆಮನೆಯ ಗಿಡ್ಡ ಬಾಗಿಲಿಗೆ ಹಣೆ ಚಚ್ಚಿಕೊಂಡೂ ಚಚ್ಚಿಕೊಂಡೂ ಕೊನೆಗೆ ಬಗ್ಗಿ ನಡೆಯುವುದನ್ನು ಕಲಿತಿದ್ದಳು. ಸಂಗಮ್ಮನವರಿಗೆ ಅವಳೆಂದರೆ ಜೀವ. ಹಾಗಂತ ಅವಳ ಎದುರಿಗೆ ಹೇಳುವವರ ಪೈಕಿ ಅವರಲ್ಲ.

ಅವಳು ಕಟ್ಟಿದ ಭಾಷೆಯಲ್ಲಿ ಹಳೆಯ ಗುರುತುಗಳಿಗೆ ಹೊಸ ಅರ್ಥ ಹೊರಿಸಬಹುದಿತ್ತು. ಶಾಲೆಯ ಲೆಕ್ಕದಲ್ಲಿ ಎರಡು ಸಂಖ್ಯೆಗಳ ನಡುವೆ 'ಇದಕ್ಕಿಂತ ಅದು ದೊಡ್ಡದು' ಎನ್ನಲು ಒಂದು ಗುರುತು ಹಾಕುತ್ತೇವಲ್ಲ, ಅದಕ್ಕೆ ಅವಳು ಬಿಸಿ ತಂಪು ಹೋಲಿಸುವುದನ್ನು ಕಲಿಸಿದ್ದಳು. ಎರಡನ್ನಷ್ಟೇ ಅಲ್ಲ, ಮೂರನ್ನು ಒಂದೇ ಸಾಲಿನಲ್ಲಿ ಪೋಣಿಸಬಹುದಿತ್ತು.

ಉಗುರುಬೆಚ್ಚಗೆ < ನೀರು < ಸುಡುಬಿಸಿ

ಅಂದರೆ, ನೀರು ಉಗುರುಬೆಚ್ಚಗಿನದಕ್ಕಿಂತ ಬಿಸಿ ಇರಲಿ, ಸುಡುವುದಕ್ಕಿಂತ ಕಡಿಮೆ ಇರಲಿ. ಮನುಷ್ಯರು ಮಾತಾಡುವ ಹಾಗೆಯೇ ಇದೆ ಎಂದು ಅವಳಿಗೆ ಒಳಗೊಳಗೇ ಹಿಗ್ಗು.

ಈ ಸಾಲನ್ನು ಅವಳು ಬಚ್ಚಲಿನ ಸೋಲಾರ್ ನಲ್ಲಿಗೆ ಕೂಡಿಸಿದಳು. ನೀರು ಹದವಾಗಿದ್ದರೆ ಹಸಿರು ದೀಪ ಹತ್ತಿ ನಲ್ಲಿ ತೆರೆಯುತ್ತಿತ್ತು, ಇಲ್ಲದಿದ್ದರೆ ಕೆಂಪು ದೀಪ. ಚಳಿಗಾಲವಿಡೀ ಅದು ಯಾರ ಮೈಮೇಲೂ ತಣ್ಣೀರು ಬಿಡಲಿಲ್ಲ. ಆಶ್ರಮದವರೆಲ್ಲ ಸ್ನಾನ ಮುಗಿಸಿ ಬಂದು ಅವಳನ್ನು ಹೊಗಳುತ್ತಿದ್ದರು.

ಸುದ್ದಿ ಪಕ್ಕದ ಊರಿನ ಹೆರಿಗೆ ಆಸ್ಪತ್ರೆಯವರೆಗೂ ಹೋಯಿತು. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗೂ ಇದೇ ಸಾಲು ಬರೆದುಕೊಡಬೇಕೆಂದು ಅಲ್ಲಿನ ಡಾಕ್ಟರಮ್ಮ ಕೇಳಿಕೊಂಡರು. ಬೇಸಿಗೆ ಶುರುವಾಗಿತ್ತು. ಅವಳನ್ನು ಕರೆದೊಯ್ಯಲು ಸಂಜೆಗೆ ಜೀಪು ಬರುವುದೆಂದು ಗೊತ್ತಾಯಿತು.

ಅವತ್ತು ಬೆಳಿಗ್ಗೆ ಸಂಗಮ್ಮನವರು ಜಗುಲಿ ಬಿಟ್ಟು ಏಳಲಿಲ್ಲ. ಅಲ್ಲಿಂದಲೇ ದಾಕ್ಷಾಯಿಣಿಯನ್ನು ಕರೆದರು, ಅಡುಗೆಯ ಗಂಗವ್ವನನ್ನೂ ಕರೆದರು. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಬೇಕೆಂದರು.

ಹೊರಡುವ ದಿನ ಇದೇನು ಆಟ ಎಂದು ದಾಕ್ಷಾಯಿಣಿಗೆ ಅನ್ನಿಸಿತು. ಗಂಗವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನಗುತ್ತ ನಿಂತಳು. ಅವಳ ತಲೆ ದಾಕ್ಷಾಯಿಣಿಯ ಹೆಗಲಿಗೂ ಬರಲಿಲ್ಲ.

"ಗಂಗವ್ವ ನಿನಗಿಂತ ಗಿಡ್ಡ ಅದಾಳೇನು?" ಎಂದರು ಸಂಗಮ್ಮ.

"ಹೌದ್ರೀ ಅಮ್ಮಾರ."

ಸಂಗಮ್ಮ ಒಂದು ಚೀಟಿಯ ಮೇಲೆ 'ಹೌದು' ಎಂದು ಬರೆದರು. ಅದನ್ನು ಅವಳ ಕೈಗಿಟ್ಟು, ಇದು ಅಡುಗೆಮನೆಯ ಬಾಗಿಲಲ್ಲಿ ಹಿಡಿಸುತ್ತದೋ ಇಲ್ಲವೋ ನೋಡು ಎಂದರು. ದಾಕ್ಷಾಯಿಣಿ ಬಾಗಿಲ ಬಳಿ ಹೋಗಿ ಚೀಟಿಯನ್ನು ಒಳಗೆ ಎಸೆದಳು. ಅದು ಹಾರಿ ಹೋಗಿ ಒಲೆಯ ಹತ್ತಿರ ಬಿತ್ತು.

"ಹಿಡೀತ್ರಿ," ಎಂದಳು.

"ಈಗ ನೀ ಹೋಗು. ಬಗ್ಗಬ್ಯಾಡ, ನೆಟ್ಟಗ ನಡಿ."

ಗುರುವಿನ ಮಾತು. ನೆಟ್ಟಗೆ ನಡೆದಳು. ಚೌಕಟ್ಟು ಹಣೆಗೆ ಸರಿಯಾಗಿ ಬಡಿಯಿತು.

"ಹೌದು ಹಿಡೀತು. ನೀ ಹಿಡೀಲಿಲ್ಲ," ಎಂದರು ಸಂಗಮ್ಮ. "ನಿನ್ನ ಭಾಷೆ ಬಾಗಲಾಗ ಯಾರನ್ನ ಕಳಸತೈತಿ?"

ಹಣೆ ಉಜ್ಜಿಕೊಳ್ಳುತ್ತಿದ್ದ ಕೈ ಅಲ್ಲೇ ನಿಂತಿತು.

ಓಡಿಹೋಗಿ ಕಂಪ್ಯೂಟರ್ ತೆರೆದಳು. ತಾನೇ ಬರೆದದ್ದು, ಆದರೂ ಮೊದಲ ಸಲ ಓದುತ್ತಿರುವಂತೆ ಓದಿದಳು. ಅವಳ ಗುರುತು ಒಂದು ಸಲಕ್ಕೆ ಎರಡನ್ನೇ ಹೋಲಿಸುತ್ತಿತ್ತು. ಉಗುರುಬೆಚ್ಚಗಿನದಕ್ಕಿಂತ ನೀರು ಬಿಸಿಯೇ ಎಂದು ಕೇಳುತ್ತಿತ್ತು. 'ಇಲ್ಲ' ಎಂದು ಬಂದರೆ ಅಲ್ಲಿಗೇ ನಿಲ್ಲುತ್ತಿತ್ತು, ಅದು ಸರಿ. 'ಹೌದು' ಎಂದು ಬಂದರೆ ನೀರನ್ನು ಅಲ್ಲೇ ಬಿಟ್ಟು, ಆ 'ಹೌದ'ನ್ನು ಒಯ್ದು ಸುಡುಬಿಸಿಯ ಜೊತೆ ಹೋಲಿಸುತ್ತಿತ್ತು. ಯಂತ್ರದ ಲೆಕ್ಕದಲ್ಲಿ 'ಹೌದು' ಎಂದರೆ ಬರೀ ಒಂದು. ಒಂದು ಯಾವ ಬಿಸಿಗಿಂತಲೂ ಕಡಿಮೆಯೇ. ನೀರು ಕೊತಕೊತ ಕುದಿಯುತ್ತಿದ್ದರೂ ಹಸಿರು ದೀಪ ಹತ್ತಿಯೇ ತೀರುತ್ತಿತ್ತು.

ಚಳಿಗಾಲದಲ್ಲಿ ನೀರು ಅಷ್ಟು ಕಾಯುತ್ತಲೇ ಇರಲಿಲ್ಲ. ಅದಕ್ಕೇ ಯಾರಿಗೂ ತಿಳಿದಿರಲಿಲ್ಲ.

ಪೆಟ್ಟಿಗೆಯೊಳಗಿನ ಕೂಸುಗಳು ಅವಳ ಕಣ್ಣ ಮುಂದೆ ಬಂದವು. ಮೈ ಸುಟ್ಟರೆ ಅವಕ್ಕೆ ಕಾಲು ಹಿಂದಕ್ಕೆ ತೆಗೆಯಲೂ ಬರುವುದಿಲ್ಲ. ಜಗುಲಿಗೆ ವಾಪಸು ಬಂದಳು.

ನಿಮಗೆ ಇದು ಹೇಗೆ ಗೊತ್ತಾಯಿತು ಎಂದು ಕೇಳಿದಳು. ಸಂಗಮ್ಮ ಎಡಗಾಲನ್ನು ಸೀರೆಯೊಳಗೆ ಎಳೆದುಕೊಂಡರು. ಆ ಎಳೆದುಕೊಂಡ ರೀತಿ ನೋಡಿ ದಾಕ್ಷಾಯಿಣಿ ಕುಕ್ಕರುಬಡಿದು ಸೀರೆಯ ಅಂಚು ಸರಿಸಿದಳು. ಪಾದದ ಮೇಲೆ ಅಂಗೈಯಗಲ ಬೊಬ್ಬೆ ಎದ್ದಿತ್ತು. ಅದರ ಮೇಲೆ ಲೋಳೆಸರ ಹಚ್ಚಿತ್ತು.

ನಿನ್ನೆ ಮಧ್ಯಾಹ್ನ ಹಸಿರು ದೀಪ ನೋಡಿಯೇ ಅವರು ಬಚ್ಚಲಿನ ನೀರಿಗೆ ಕಾಲಿಟ್ಟಿದ್ದರು.

ದಾಕ್ಷಾಯಿಣಿ ಅತ್ತಳು. ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಅಳುತ್ತಲೇ ಜಗಳ ತೆಗೆದಳು.

"ಹೇಳಿದ್ರ ನೀ ನನ್ನ ಕಾಲ ನೋಡಕೋತ ಕುಂದರತಿದ್ದಿ," ಎಂದರು ಸಂಗಮ್ಮ. "ನೀ ನೋಡಬೇಕಾಗಿದ್ದು ನೀರ."

ತಾನು ಆಸ್ಪತ್ರೆಗೆ ಹೋಗುವುದಿಲ್ಲ, ಭಾಷೆಯನ್ನೇ ಅಳಿಸಿಹಾಕುತ್ತೇನೆ, ಬೇರೆ ಯಾರನ್ನಾದರೂ ಕಳಿಸಿ ಎಂದಳು. ಸಂಗಮ್ಮನವರಿಗೆ ಸಿಟ್ಟು ಬಂತು. ಅವರಿಗೆ ಸಿಟ್ಟು ಬಂದರೆ ದನಿ ಇನ್ನೂ ಸಣ್ಣದಾಗುತ್ತಿತ್ತು.

"ಯಾರನ್ನ ಕಳಸಲಿ? ಈ ತಪ್ಪು ಇನ್ನೂ ಮಾಡಿರದವರನ್ನೇನು?"

ಕಣ್ಣೊರೆಸಿಕೊಂಡು ಹೋಗಿ ಕೂತಳು. ಮೊದಲು ಸಾಲನ್ನು ಎರಡು ತುಂಡು ಮಾಡಿದಳು. ನೀರು ಸಾಕಷ್ಟು ಬಿಸಿಯೇ ಎಂದು ಒಂದು ಪ್ರಶ್ನೆ, ನೀರು ಸುಡುತ್ತದೆಯೇ ಎಂದು ಇನ್ನೊಂದು. ತಂದು ತೋರಿಸಿದಳು.

ಎರಡು ಪ್ರಶ್ನೆಗೆ ಯಂತ್ರ ನೀರನ್ನು ಎಷ್ಟು ಸಲ ಮುಟ್ಟುತ್ತದೆ ಎಂದು ಸಂಗಮ್ಮ ಕೇಳಿದರು. ಎರಡು ಸಲ ಎಂದಳು. ಎರಡನೇ ಸಲ ಮುಟ್ಟುವ ಹೊತ್ತಿಗೆ ಕೊಳವೆಯಲ್ಲಿ ಮುಂದೆ ಬಂದಿರುವುದು ಬೇರೆ ನೀರಲ್ಲವೇ ಎಂದು ಕೇಳಿದರು. ದಾಕ್ಷಾಯಿಣಿ ಎದ್ದು ಮತ್ತೆ ಕಂಪ್ಯೂಟರಿನ ಮುಂದೆ ಹೋಗಿ ಕೂತಳು.

ಊಟಕ್ಕೆ ಬರಲಿಲ್ಲ. ಗಂಗವ್ವ ರೊಟ್ಟಿ ಪಲ್ಯವನ್ನು ಅವಳ ಪಕ್ಕದಲ್ಲಿಟ್ಟು ಬೈದು ಬಂದಳು.

ಬಿಸಿಲು ಅಂಗಳದಿಂದ ಗೋಡೆಗೆ ಏರುವ ಹೊತ್ತಿಗೆ ಅವಳಿಗೆ ಹೊಳೆಯಿತು. ಹೋಲಿಕೆ ನಿಜವಾದರೆ ಗುರುತು ಬರೀ 'ಹೌದು' ಅನ್ನಕೂಡದು. ನೀರನ್ನೇ ಕೈಹಿಡಿದು ಮುಂದಿನ ಬಾಗಿಲಿಗೆ ಕರೆದುಕೊಂಡು ಹೋಗಬೇಕು. ಒಂದೇ ಸಲ ಮುಟ್ಟಿದ ನೀರು, ಎರಡೂ ಕಡೆ ಅದೇ ನೀರು. ಹಾಗೆಂದು ಗುರುತಿಗೆ ಹೊಸದಾಗಿ ಕಲಿಸಿದಳು. ಸಾಲು ಮಾತ್ರ ಮೊದಲಿದ್ದಂತೆಯೇ ಇತ್ತು, ಒಂದಕ್ಷರ ಬದಲಾಗಲಿಲ್ಲ.

ಬಚ್ಚಲಿಗೆ ಹೋಗಿ ಅದನ್ನು ನಲ್ಲಿಗೆ ಕೂಡಿಸಿದಳು. ಕೆಂಪು ದೀಪ. ಚಳಿಗಾಲದಿಂದ ಇಲ್ಲಿಯವರೆಗೆ ಮೊದಲ ಸಲ ಆ ನೀರಿಗೆ ಯಂತ್ರ ಸುಡುತ್ತದೆ ಎಂದಿತ್ತು. ಅವಳು ಹೊಸ್ತಿಲ ಮೇಲೆ ಕೂತು ಕಾದಳು. ಸೋಲಾರ್ ತೊಟ್ಟಿಗೆ ತಣ್ಣೀರು ಬೆರೆಸಿದಳು, ಮತ್ತೆ ಕಾದಳು. ಹಸಿರು ದೀಪ ಹತ್ತಿತು. ನಲ್ಲಿ ತೆರೆದು ಬಕೆಟ್ಟಿಗೆ ನೀರು ಬಿತ್ತು.

ಕೈ ಅದ್ದಿ ನೋಡಲು ಹೋದಳು. ಅಷ್ಟರಲ್ಲಿ ಗೋಡೆ ಹಿಡಿದು ಕುಂಟುತ್ತ ಸಂಗಮ್ಮ ಬಂದರು. ಸೀರೆ ಎತ್ತಿಕೊಂಡು ಬಲಗಾಲನ್ನು ಮುಂದೆ ಮಾಡಿದರು.

ದಾಕ್ಷಾಯಿಣಿ ಅವರ ರಟ್ಟೆ ಹಿಡಿದಳು. "ಬ್ಯಾಡ್ರೀ ಅಮ್ಮಾರ, ಮೊದಲ ನಾ ಮುಟ್ಟಿ ನೋಡತೀನಿ. ಒಂದ ಕಾಲ ಸುಟ್ಟದ್ದು ಸಾಕು."

"ಇನ್ನೊಂದ ಐತಲ್ಲ," ಎಂದು ಸಂಗಮ್ಮ ಕಾಲನ್ನು ಬಕೆಟ್ಟಿಗಿಟ್ಟೇಬಿಟ್ಟರು.

ಅವಳು ಅವರ ಮುಖ ನೋಡಿದಳು. ಸಂಗಮ್ಮ ಕಣ್ಣು ಮುಚ್ಚಿಕೊಂಡು ಹಾಗೇ ನಿಂತಿದ್ದರು. ಹೊರಗೆ ಜೀಪಿನ ಹಾರ್ನು ಕೇಳಿಸಿತು. ದಾಕ್ಷಾಯಿಣಿ ಅಲ್ಲಾಡಲಿಲ್ಲ.

"ನಿನ್ನೆ ಸುಟ್ಟೈತಿ, ಇವತ್ತ ಮತ್ತ ಇಟ್ಟೀರಿ," ಎಂದಳು. "ಅಂಜಿಕಿ ಆಗಲಿಲ್ಲೇನ್ರಿ?"

ಸಂಗಮ್ಮ ಬಕೆಟ್ಟಿನ ನೀರಿಗೆ ಕೈ ಅದ್ದಿ ಅವಳ ಹಣೆಯ ಬುಗುಟನ್ನು ಸವರಿದರು.

"ನಿನ್ನೆ ನಿನ್ನ ಹೌದಿನಾಗ ಕಾಲಿಟ್ಟಿದ್ದೆ. ಇವತ್ತ ನೀರಾಗ ಇಟ್ಟೀನಿ."