ಕಾಲೇಜಿಗೆ ಹೋದ ಕರಡಿಮರಿ

ಒಂದು ಕಾಡಿನಲ್ಲಿ, ಮಗಳನ್ನು ಕಾಲೇಜಿಗೆ ಕಳಿಸಿ, ಅನ್ನ ನೀರು ಸೇರದೆ ಕೂತಿದ್ದ ಕರಡಿ ದಂಪತಿ ಇದ್ದರು. ಅಪ್ಪ ಬೊಮ್ಮಣ್ಣ, ಅಮ್ಮ ಕೆಂಚಮ್ಮ. ಮಗಳು ನೀಲವ್ವ ಹೊಳೆಯಾಚೆ ಆನೆ ಮೇಷ್ಟ್ರ ಕಾಲೇಜಿನಲ್ಲಿ ವೈದ್ಯಕೀಯ ಓದಲು ಸೇರಿದ್ದಳು. ಕರಡಿ ಕುಲದಲ್ಲೇ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಬೊಮ್ಮಣ್ಣ ಎದುರಿಗೆ ಸಿಕ್ಕ ಹಂದಿಗೂ ಮೊಲಕ್ಕೂ "ನಮ್ಮ ಹುಡುಗಿ ಡಾಕ್ಟ್ರು" ಅಂತ ಹೇಳಿಕೊಂಡು ತಿರುಗುತ್ತಿದ್ದ. ಗುಹೆಗೆ ಬಂದರೆ ಮಾತ್ರ ಮುಖ ಸಪ್ಪಗೆ.

"ಉಂಡಳೋ ಇಲ್ಲವೋ" ಅಂತ ಕೆಂಚಮ್ಮ. "ಯಾರ ಸಹವಾಸಕ್ಕೆ ಬಿದ್ದಳೋ" ಅಂತ ಬೊಮ್ಮಣ್ಣ. ಹೋಗಿ ನೋಡೋಣ ಅಂದರೆ, ಮಳೆಗಾಲ ಮುಗಿಯುವವರೆಗೆ ತಂದೆತಾಯಿ ಆ ಕಡೆ ತಲೆ ಹಾಕಬಾರದು ಅಂತ ಆನೆ ಮೇಷ್ಟ್ರ ಕಟ್ಟಪ್ಪಣೆ. ಹೋದ ವರ್ಷ ಕೋತಿಯಮ್ಮ ಮಗನ ಪಕ್ಕದಲ್ಲೇ ಕೂತು ಪಾಠ ಕೇಳಿದ್ದಳಂತೆ. ಪಾಪ, ಮೇಷ್ಟ್ರಾದರೂ ಏನು ಮಾಡಿಯಾರು.

ಈ ಸಂಕಟ ಒಂದು ನರಿಯ ಕಿವಿಗೆ ಬಿತ್ತು. "ಅಣ್ಣಾ, ನಾನು ದಿನಾ ಆ ಕಡೆ ಹೋಗ್ತೀನಿ. ನಿಮ್ಮ ಮಗಳು ನನ್ನ ಮಗಳಿದ್ದ ಹಾಗೆ. ಏನಾದ್ರೂ ಕೊಟ್ಟರೆ ತಲುಪಿಸ್ತೀನಿ" ಅಂದಿತು. ಗೆಣಸು, ಹಲಸಿನ ತೊಳೆ, ಬೋರೆಹಣ್ಣು ಅಂತ ಕೆಂಚಮ್ಮ ಮುತ್ತುಗದ ಎಲೆಯಲ್ಲಿ ಕಟ್ಟಿಕಟ್ಟಿ ಕೊಟ್ಟಳು. ನರಿ ಪೊದೆ ಮರೆಗೆ ಹೋಗಿ ಎಲ್ಲವನ್ನೂ ಗುಳುಂ ಮಾಡಿತು. ಹೊಳೆ ದಾಟಲೇ ಇಲ್ಲ.

ಹೆದರಿಸಿದಷ್ಟೂ ಗಂಟು ದಪ್ಪವಾಗುತ್ತದೆ ಅನ್ನುವುದು ನರಿಗೆ ಬೇಗ ತಿಳಿಯಿತು. "ಹುಡುಗಿ ಸೊರಗಿ ಕಡ್ಡಿಯಾಗಿದಾಳೆ ಅತ್ತಿಗೆ" ಅಂದಿತು ಒಂದು ದಿನ. "ಕ್ಲಾಸಿಗೆ ಹೋಗೋದೇ ಇಲ್ಲ, ಕೋತಿಗಳ ಜೊತೆ ಮರ ಹತ್ತಿ ಕೂತಿರ್ತಾಳೆ" ಅಂದಿತು ಮರುದಿನ. ಸುಳ್ಳಿಗೂ ಒಂದು ಅಳತೆ ಬೇಡವೇ? ಬೊಮ್ಮಣ್ಣನ ಎದೆ ಒಡೆದುಹೋಯಿತು. "ಓದಿದ್ದು ಸಾಕು. ಇವತ್ತೇ ಹೋಗಿ ಕರ್ಕೊಂಡು ಬರ್ತೀನಿ" ಅಂತ ಎದ್ದ.

ಸುಳ್ಳು ಬಯಲಾದೀತೆಂದು ನರಿ ಮೆಲ್ಲಗೆ ಜಾಗ ಖಾಲಿ ಮಾಡಲು ನೋಡಿತು. ಅಷ್ಟರಲ್ಲಿ ಕೆಂಚಮ್ಮ ಎಲೆ ಸುತ್ತಿದ ದೊಡ್ಡ ಗಂಟು ತಂದಳು. "ಜೇನು ಕಣಪ್ಪ. ನೀನು ಬೇಗ ಓಡ್ತೀಯ, ಮುಂದೆ ಹೋಗಿ ಮಗೂಗೆ ಕೊಡು. ನಾವು ಹಿಂದೆ ಬರ್ತೀವಿ" ಅಂದಳು. ಜೇನು ಅಂದದ್ದೇ ತಡ, ನರಿಗೆ ಭಯ ಮರೆತೇ ಹೋಯಿತು.

ಕರಡಿಗಳ ಮನೆಯಲ್ಲಿ ಜೇನು ಕೊಡುವುದೆಂದರೆ ಹುಳುವಿನ ಸಮೇತ ಕೊಡುವುದು. ಹುಳು ಇಲ್ಲದ ಜೇನು ಅವರಿಗೆ ಹಳಸಲು. ಮೈತುಂಬ ದಪ್ಪ ಕೂದಲಿರುವವರಿಗೆ ಅದೇನು ಲೆಕ್ಕ? ನರಿಗೆ ಇದೆಲ್ಲಿ ಗೊತ್ತು. ಹೊಳೆದಂಡೆಯಲ್ಲಿ ಗಂಟು ಬಿಚ್ಚಿ ಮೂತಿ ತೂರಿಸಿತು. ಆಮೇಲೆ ಕೇಳಬೇಕೆ! ಅರಚುತ್ತಾ ಹೊಳೆಗೆ ಬಿದ್ದು ಆಚೆ ದಡದಲ್ಲಿ ಎದ್ದಿತು. ಮುಖ ಕುಂಬಳಕಾಯಿಯಾಗಿತ್ತು, ಎರಡು ಕಣ್ಣೂ ಮುಚ್ಚಿಹೋಗಿದ್ದವು.

ಅಲ್ಲಿ ಮದ್ದಿಗೆಂದು ತುಂಬೆ ಸೊಪ್ಪು ಕೀಳುತ್ತಿದ್ದ ನೀಲವ್ವ ಓಡಿಬಂದಳು. ಜೇನುಹುಳದ ಮುಳ್ಳು ಒಂದೊಂದಾಗಿ ತೆಗೆಯುತ್ತಾ, "ಯಾವ ಗೂಡಿಗೆ ಕೈ ಹಾಕಿದ್ರಿ ಮಾವ?" ಅಂದಳು.

"ಆಚೆ ದಡದಲ್ಲಿ ಎರಡು ಪೆದ್ದ ಕರಡಿಗಳಿವೆ ಕಣವ್ವ. ಅವುಗಳ ಮಗಳು ಇಲ್ಲೇ ಓದ್ತಾಳಂತೆ. ನಾನು ಅವಳ ಮುಖಾನೇ ನೋಡಿಲ್ಲ. ಹಾಳಾಗ್ತಿದಾಳೆ ಅಂದ್ರೆ ಸಾಕು, ಬುತ್ತಿ ಕಟ್ಟಿ ಕೊಡ್ತವೆ" ಅಂದಿತು, ಎದುರಿಗಿರುವುದು ಯಾರೆಂದು ಕಾಣದ ನರಿ.

ನೀಲವ್ವನ ಕೈ ನಿಂತಿತು. ಅಷ್ಟೊತ್ತಿಗೆ ಹೊಳೆ ದಾಟಿ ಬಂದು ಹಿಂದೆ ನಿಂತಿದ್ದ ಅಪ್ಪ ಅಮ್ಮನೂ ಎಲ್ಲ ಕೇಳಿಸಿಕೊಂಡಿದ್ದರು. ಬೊಮ್ಮಣ್ಣ ಮಗಳನ್ನೇ ನೋಡಿದ. ಸೊರಗಿರಲಿಲ್ಲ, ದುಂಡಗೇ ಇದ್ದಳು. ಕೈಯೆಲ್ಲ ಸೊಪ್ಪಿನ ರಸ. ಅವನಿಗೆ ನಾಚಿಕೆಯೂ ಆಯಿತು, ಹೇಳಲಾರದಷ್ಟು ಸಂತೋಷವೂ ಆಯಿತು.

"ಮಿಕ್ಕ ಮುಳ್ಳು ಹಾಗೇ ಬಿಡು ಮಗಳೇ" ಅಂದ.

ಆ ದನಿ ಯಾರದೆಂದು ತಿಳಿದು ನರಿ ಎದ್ದು ಓಡಲು ನೋಡಿತು.

"ಆಗಲ್ಲಪ್ಪ, ಅರ್ಧಕ್ಕೆ ಬಿಟ್ರೆ ಮೇಷ್ಟ್ರು ಬೈತಾರೆ" ಅಂದಳು ನೀಲವ್ವ.

"ಹಾಗಾದ್ರೆ ನಿಧಾನವಾಗಿ ಕೀಳು, ಅವಸರ ಏನಿಲ್ಲ" ಅಂದಳು ಕೆಂಚಮ್ಮ, ನರಿಯ ಬಾಲದ ಮೇಲೆ ಕೂರುತ್ತಾ.

ಮಗಳನ್ನು ಕರೆದೊಯ್ಯಲು ಬಂದವರು ಸಂಜೆ ಇಬ್ಬರೇ ಮನೆಗೆ ಹಿಂತಿರುಗಿದರು.

ನೀತಿ: ಮಕ್ಕಳ ಸುದ್ದಿ ಬೇಕಿದ್ದರೆ ಮಕ್ಕಳನ್ನೇ ಕೇಳಬೇಕು; ನಡುವೆ ನಿಂತವನು ತನ್ನ ಹೊಟ್ಟೆ ತುಂಬುವ ಸುದ್ದಿಯನ್ನೇ ತರುತ್ತಾನೆ.