ಹುಲ್ಲಿಗೆ ಸಿಟ್ಟು ಬಂದ ದಿನ

ನಂಜನ್ನು ಗಂಟಲಲ್ಲೇ ತಡೆದು ಲೋಕವನ್ನು ಉಳಿಸಿದ ನಂಜುಂಡಸ್ವಾಮಿಗೆ ಮೊದಲು ಕೈಮುಗಿಯೋಣ. ಹಸಿವು ಕೊಟ್ಟವನೂ ಅವನೇ, ಹುಲ್ಲು ಕೊಟ್ಟವನೂ ಅವನೇ. ಅವನ ಹೆಸರು ಹೇಳಿ ಕಥೆ ಶುರುಮಾಡುತ್ತೇನೆ ಮಕ್ಕಳೇ, ಕಾಲು ಮಡಚಿ ಕೂತುಕೊಳ್ಳಿ.

ಲೋಕ ಆಗಿನ್ನೂ ಹೊಸದು. ಬೆಟ್ಟಗಳ ಮೈಯ ಹಸಿ ಆರಿರಲಿಲ್ಲ. ಹೊಳೆಗಳು ಯಾವ ಕಡೆ ಹರಿಯಬೇಕೆಂದು ಗಾಳಿಯನ್ನು ಕೇಳಿ ಕೇಳಿ ಹರಿಯುತ್ತಿದ್ದವು. ಹುಲ್ಲು ಬೆಣ್ಣೆಯಷ್ಟು ಮೆತ್ತಗಿತ್ತು. ನಾಲಿಗೆಯ ಮೇಲಿಟ್ಟರೆ ಸಾಕು, ಕರಗುತ್ತಿತ್ತು.

ಅಂಥ ಹುಲ್ಲಿನ ಬೆಟ್ಟವೊಂದರಲ್ಲಿ ಐದು ಗಿನಿಪಿಗ್‌ಗಳು ಒಂದೇ ಬಿಲದಲ್ಲಿ ಬದುಕಿದ್ದವು. ಯಜಮಾನಿ ಬೋರವ್ವ, ಅವಳ ಮೂವರು ಹೆಣ್ಣುಮಕ್ಕಳು, ಮೈದುನ ಕೆಂಚಣ್ಣ. ಆಗ ಅವುಗಳ ಹಲ್ಲು ಕುಡುಗೋಲಿನಷ್ಟು ಹರಿತ. ಊಟಕ್ಕೆ ಹಲ್ಲು ಬೇಕೇ ಇರಲಿಲ್ಲವಲ್ಲ, ಜಗಳಕ್ಕೇ ಬಳಕೆಯಾಗುತ್ತಿದ್ದವು.

ಒಂದು ಬೆಳಿಗ್ಗೆ ಹೊಸಬಳೊಬ್ಬಳು ಬೆಟ್ಟ ಹತ್ತಿ ಬಂದಳು. ಹೆಸರು ಚುಕ್ಕಿ. ಅವಳ ಬಳಗವನ್ನೆಲ್ಲ ಹೊಳೆ ಕೊಚ್ಚಿಕೊಂಡು ಹೋಗಿತ್ತು. ಗಿನಿಪಿಗ್ ಒಂಟಿಯಾಗಿ ಬದುಕುವ ಜೀವವಲ್ಲ ಮಕ್ಕಳೇ. ಜೊತೆಯಿಲ್ಲದಿದ್ದರೆ ಮೇವು ಬಿಟ್ಟು ಸೊರಗಿ ಸಾಯುತ್ತದೆ. ಚುಕ್ಕಿಯ ಪಕ್ಕೆಲುಬುಗಳು ಆಗಲೇ ಕಾಣುತ್ತಿದ್ದವು.

"ದೊಡ್ಡವ್ವಾ, ನನ್ನನ್ನೂ ಸೇರಿಸಿಕೊಳ್ಳಿ" ಎಂದಳು.

"ಯಾರೇ ನಿನಗೆ ದೊಡ್ಡವ್ವ?" ಬೋರವ್ವನ ಬೆನ್ನಿನ ಕೂದಲು ನೆಟ್ಟಗಾಯಿತು.

"ಮೂಸಿ ನೋಡಿ ಅತ್ತಿಗೆ, ಹೊಳೆಯ ಕೆಸರನ್ನೆಲ್ಲ ಹೊತ್ತು ತಂದಿದ್ದಾಳೆ! ಬೆಟ್ಟವೇ ನಾರುತ್ತಿದೆ" ಎಂದ ಕೆಂಚಣ್ಣ, ಅತ್ತಿಗೆಯ ಬೆನ್ನ ಹಿಂದೆ ನಿಂತು.

"ನೀವೇನು ಮಲ್ಲಿಗೆ ಮುಡಿದು ಕೂತಿದ್ದೀರಾ ಮಾವ?" ಎಂದಳು ಚುಕ್ಕಿ. ಹಸಿದಿದ್ದರೂ ಬಾಯಿ ಜೋರು.

ಬೋರವ್ವನಿಗೆ ಮೈಯೆಲ್ಲ ಉರಿಯಿತು. "ಹೋದ ಸಲ ಹೀಗೇ ಒಬ್ಬ ಬಂದ. ಅವನ ಹಿಂದೆಯೇ ಗಿಡುಗ ಬಂತು. ನನ್ನ ಒಬ್ಬನೇ ಮಗನನ್ನು ಹೊತ್ತೊಯ್ದಿತು. ಇನ್ನೊಬ್ಬರನ್ನು ಸೇರಿಸಿಕೊಳ್ಳಲಾ? ತೊಲಗು!"

ಹೀಗೆಂದವಳೇ ಮೇಲೆ ಬಿದ್ದಳು. ದಿಕ್ಕು ತೋಚದ ಚುಕ್ಕಿ ಎದುರಿಗಿದ್ದ ಬಿಲಕ್ಕೇ ನುಗ್ಗಿದಳು. ಆ ಬಿಲಕ್ಕೆ ಇದ್ದದ್ದು ಒಂದೇ ಬಾಗಿಲು. ಬಾಗಿಲಲ್ಲಿ ಬೋರವ್ವ. ಹೊರಗೆ ಓಡಲು ದಾರಿಯಿಲ್ಲದ ಮೇಲೆ ಚುಕ್ಕಿಯೂ ಕಚ್ಚಲು ಬಾಯಿ ತೆರೆದಳು. ಬೋರವ್ವ ಅವಳ ಕಿವಿ ಹರಿದಳು, ಅವಳು ಬೋರವ್ವನ ತುಟಿ ಸೀಳಿದಳು. ಕೆಳಗೆ ಹಾಸಿದ್ದ ಹುಲ್ಲಿನ ಮೇಲೆ ನೆತ್ತರು ತೊಟ್ಟಿಕ್ಕಿತು.

ಆಗ ಹುಲ್ಲಿಗೆ ಸಿಟ್ಟು ಬಂತು. ಒಂದು ಎಸಳಿಗಲ್ಲ, ಬೆಟ್ಟದ ಅಷ್ಟೂ ಹುಲ್ಲಿಗೆ.

"ಸ್ವಾಮೀ!" ಎಂದು ಹುಲ್ಲು ಕೂಗಿದ ಕೂಗಿಗೆ ಗಾಳಿಯೂ ಉಸಿರು ಹಿಡಿಯಿತು. "ಇವರಿಗೆ ಊಟವಾದೆ, ಹಾಸಿಗೆಯಾದೆ. ನನ್ನ ಮೇಲೆಯೇ ನೆತ್ತರು ಚೆಲ್ಲಿದರು. ಇನ್ನು ನಾನು ಇವರ ನಾಲಿಗೆಗೆ ಕರಗುವುದಿಲ್ಲ. ನನ್ನ ಎಸಳೆಸಳಿಗೂ ಮರಳು ತುಂಬು. ಇವರ ಹಲ್ಲು ಸವೆದು ಹೋಗಲಿ!"

ಸ್ವಾಮಿಯ ಕಣ್ಣೂ ಕೆಂಪಾಗಿತ್ತು. "ತುಂಬಿದೆ" ಎಂದ.

ಹುಲ್ಲು ಗರಗರ ಎಂದು ಗಡುಸಾಯಿತು. ಮುಟ್ಟಿದರೆ ಬೆರಳು ಕುಯ್ಯುವಷ್ಟು.

ಬೋರವ್ವ ಹೆದರಲಿಲ್ಲ. ಆಕಾಶಕ್ಕೆ ಮುಖ ಎತ್ತಿ ಬೈದಳು. "ಹಲ್ಲು ಸವೆದರೆ ನನ್ನ ಮಕ್ಕಳು ಏನು ತಿನ್ನಬೇಕು? ಗಿಡುಗ ನನ್ನ ಮಗನನ್ನು ಒಯ್ದಾಗ ಎಲ್ಲಿಗೆ ಹೋಗಿದ್ದೆ ನೀನು?"

ದೇವರಿಗೆ ಹಾಗೆ ಅನ್ನಬಹುದೇ ಎಂದು ಕೇಳಬೇಡಿ. ನೊಂದವರ ಬೈಗುಳವನ್ನೂ ಅವನು ಪೂಜೆಯೆಂದೇ ತೆಗೆದುಕೊಳ್ಳುತ್ತಾನೆ.

ಸ್ವಾಮಿಯ ಕಣ್ಣಿನ ಕೆಂಪು ಇಳಿಯಿತು. ಆಮೇಲೆ ಹೇಳಿದ: "ಹುಲ್ಲು ಸವೆಸಿದಷ್ಟೂ ನಿಮ್ಮ ಹಲ್ಲು ಬೆಳೆಯಲಿ. ಉಸಿರಿರುವವರೆಗೂ ಬೆಳೆಯಲಿ. ಆದರೆ ದಿನವಿಡೀ ಮೇಯುತ್ತಲೇ ಇರಬೇಕು. ಸಿಟ್ಟು ಬಂದರೆ ಹಲ್ಲನ್ನು ಹಲ್ಲಿಗೇ ಮಸೆಯಿರಿ."

ಹುಲ್ಲು ಗೊಣಗುತ್ತಲೇ ಬಿಲದ ಮುಂದೆ ಮೆದೆಯಂತೆ ರಾಶಿಯಾಗಿ ಬಿತ್ತು. ಆ ಕಡೆ ಬೋರವ್ವ ಕೂತಳು, ಈ ಕಡೆ ಬಿಲದಿಂದ ಹೊರಬಂದ ಚುಕ್ಕಿ. ನಡುವೆ ಹುಲ್ಲು, ಒಬ್ಬರ ಮುಖ ಒಬ್ಬರಿಗೆ ಕಾಣದು. ಕಟಕಟ ಎಂದು ಬೋರವ್ವ ಹಲ್ಲು ಮಸೆದಳು. ಕಟಕಟ ಎಂದು ಚುಕ್ಕಿಯೂ ಮಸೆದಳು. ಒಂದಷ್ಟು ತಿಂದರು, ಮತ್ತೆ ಮಸೆದರು. ಮತ್ತೆ ತಿಂದರು. ಬೋರವ್ವನ ಕಿರಿಮಗಳು ಮಾತ್ರ ಸದ್ದಿಲ್ಲದೆ ಚುಕ್ಕಿಯ ಕಡೆಗೆ ಸರಿದು ಅಲ್ಲೇ ಮೇಯತೊಡಗಿದಳು.

ಹೊತ್ತು ಇಳಿಯುವಷ್ಟರಲ್ಲಿ ರಾಶಿ ಕರಗಿತು. ಮೊದಲು ಕಿವಿಗಳು ಕಂಡವು. ಆಮೇಲೆ ಮುಖ. ಹರಿದ ಕಿವಿಗೆ ನೊಣ ಮುತ್ತಿದ್ದನ್ನು ಬೋರವ್ವ ನೋಡಿದಳು.

"ಬಿಸಿಲಲ್ಲಿ ಯಾಕೇ ಕೂತಿದ್ದೀಯ? ಕಿವಿ ಉರಿಯಲ್ವಾ? ಈ ಕಡೆ ನೆರಳಿದೆ, ಬಾ" ಎಂದು ಗದರಿದಳು.

"ನನಗಿನ್ನೂ ಸಿಟ್ಟಿದೆ ದೊಡ್ಡವ್ವಾ."

"ನನಗೇನು ಇಳಿದುಹೋಯ್ತಾ? ಸಿಟ್ಟಲ್ಲೇ ಬಾ."

ಚುಕ್ಕಿ ಸಿಟ್ಟಲ್ಲೇ ಹೋಗಿ ಪಕ್ಕದಲ್ಲಿ ಕೂತಳು.

ಅದಕ್ಕೇ ಮಕ್ಕಳೇ, ಇಂದಿಗೂ ಗಿನಿಪಿಗ್‌ಗಳ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅದನ್ನು ಸವೆಸುತ್ತಲೇ ಇರುತ್ತದೆ. ಗೂಡಿಗೆ ಹೊಸದೊಂದನ್ನು ಬಿಟ್ಟಾಗ ಹಳೆಯವು ಕಟಕಟ ಹಲ್ಲು ಮಸೆಯುತ್ತಲೇ ಅದರ ಜೊತೆ ಮೇಯಲು ಕೂರುತ್ತವೆ.

ಕಥೆಗೆ ಕಿವಿಗೊಟ್ಟ ನಿಮ್ಮೆಲ್ಲರನ್ನೂ ಸ್ವಾಮಿ ತಣ್ಣಗಿಟ್ಟಿರಲಿ. ನಿಮ್ಮ ತಟ್ಟೆ ತುಂಬಿರಲಿ, ನಿಮ್ಮ ಪಕ್ಕದಲ್ಲಿ ಯಾವಾಗಲೂ ಯಾರಾದರೊಬ್ಬರು ಕೂತಿರಲಿ.