ಕಾಶವ್ವನ ಮೊದಲ ಲಡಿ

ನೇಕಾರರ ಓಣಿಯಲ್ಲಿ ಕಾಶವ್ವ ಎಂಬ ಅಜ್ಜಿ ಇದ್ದಳು. ಇಡೀ ಓಣಿಯ ನೂಲಿಗೆ ಬಣ್ಣ ಹಾಕುವವಳು ಇವಳೇ. ಬಾಯಿ ಸ್ವಲ್ಪ ಜೋರು, ಕೈಗುಣ ಮಾತ್ರ ಚಿನ್ನದಂಥದ್ದು. ಯಾರು ಎಷ್ಟೇ ಅವಸರ ಮಾಡಿದರೂ ಎಲ್ಲ ನೂಲನ್ನೂ ಒಂದೇ ಸಲಕ್ಕೆ ಬಣ್ಣದ ಹಂಡೆಗೆ ಹಾಕುತ್ತಿರಲಿಲ್ಲ. ಮೊದಲು ಒಂದು ಲಡಿ, ಅಂದರೆ ನೂಲಿನ ಒಂದು ಸಣ್ಣ ಕಟ್ಟು, ಅದ್ದಿ, ತೊಳೆದು, ಬಿಸಿಲಿಗೆ ಹಾಕಿ ನೋಡುತ್ತಿದ್ದಳು.

"ಬಣ್ಣ ಬಿಟ್ಟರ ಇಲ್ಲೇ ಬಿಡ್ಲಿ, ಮದುಮಗಳ ಸೀರಿ ಮ್ಯಾಲೆ ಬ್ಯಾಡ" ಎನ್ನುತ್ತಿದ್ದಳು.

ಇಂಥ ಜಾಣೆಯ ಮನೆಯಲ್ಲೇ ಒಂದು ಚಿಂತೆ. ಮೊಮ್ಮಗಳು ತಾರಾಗೆ ಎರಡು ವರ್ಷ ದಾಟಿದರೂ ಮಾತಿಲ್ಲ. ಬೇಕಾದ್ದಕ್ಕೆ ಬೆರಳು ತೋರಿಸುತ್ತಾಳೆ, ಕೊಡದಿದ್ದರೆ ಚೀರುತ್ತಾಳೆ. ಡಾಕ್ಟರು ನೋಡಿ ಕಿವಿ ಚೆನ್ನಾಗಿದೆ ಎಂದಿದ್ದರು. ತಾಯಿ, ಅಂದರೆ ಕಾಶವ್ವನ ಸೊಸೆ ಗುರುಬಾಯಿ, ಮಗ್ಗದ ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ನನ್ನ ಮಗಳು ನನ್ನನ್ನು ಅವ್ವಾ ಎಂದು ಕರೆಯುವುದು ಯಾವಾಗ?

ಕರೆಯುವುದಾದರೂ ಹೇಗೆ ಹೇಳಿ! ಆ ಮನೆಯಲ್ಲಿ ದಿನವಿಡೀ ಮಾತಾಡುವುದು ಮಗ್ಗ ಒಂದೇ. "ಉತ್ತರ ಕೊಡದ ಕೂಸಿನ ಜೋಡಿ ಏನ್ ಮಾತು?" ಎನ್ನುವುದು ಕಾಶವ್ವನ ಕಟ್ಟಳೆ. ಹೊಗಳುವುದಂತೂ ಇಲ್ಲವೇ ಇಲ್ಲ, ದೃಷ್ಟಿ ತಾಗುತ್ತದಲ್ಲ! ಹಾಗಾಗಿ ಕೂಸಿನ ಕಿವಿಗೆ ಬೀಳುತ್ತಿದ್ದದ್ದು "ಏ ಮಂಗ್ಯಾ" ಮತ್ತು "ಸುಮ್ಮನ ಕೂಡು", ಅಷ್ಟೇ. ಪಾಪ, ಅದು ಸುಮ್ಮನೇ ಕೂತಿತು.

ಒಂದು ದಿನ ಅಂಗನವಾಡಿಯ ಹಸೀನಾ ಮನೆಗೆ ಬಂದಳು. "ಗುರುಬಾಯಿ, ಕೆಲಸ ಬಿಡಬ್ಯಾಡ. ನೇಯ್ಕೋತನ ಮಗಳ ಜೋಡಿ ಮಾತಾಡು. ಕೈಯಾಗ ಇರೂದು ಏನಂತ ಹೇಳು. ಆಮ್ಯಾಲೆ ಸ್ವಲ್ಪ ತಡಿ. ಆಕಿ ಕಣ್ಣರಳಿಸಿದ್ರೂ ಅದು ಉತ್ತರಾನ. ಏನರ ಮಾಡಿದ್ರ ಶಾಣ್ಯಾಕಿ, ಜಾಣಿ ಅನ್ನು."

ಕಾಶವ್ವ ನಕ್ಕಳು. "ನಾ ಐದು ಮಕ್ಕಳ ಸಾಕೀನಿ. ನನಗ ಕಲಿಸಾಕ ಬಂದಿಯೇನ?"

"ಇಲ್ಲ ಆಯಿ. ಬ್ಯಾರೆ ಬ್ಯಾರೆ ಊರಾಗ, ನೂರಾರು ಮನ್ಯಾಗ ಮಾಡಿ ನೋಡಿದ್ದು ಇದು. ನಮ್ಮ ನೀರಾಗ ಈ ಬಣ್ಣ ಹಿಡೀತೈತೋ ಇಲ್ಲೋ, ನೀವ ಒಂದು ಲಡಿ ಅದ್ದಿ ನೋಡ್ರಿ."

ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದಳು ಅಜ್ಜಿ! "ಆತು, ನಾಗರ ಪಂಚಮಿ ತನಕ ನೋಡೂಣು. ಆದ್ರ ನೀವು ಹೊಗಳಿದ ಕೂಡಲೇ ನಾ ದೃಷ್ಟಿ ತೆಗಿಯಾಕಿ" ಎಂದು ಷರತ್ತು ಹಾಕಿದಳು.

ಅಲ್ಲಿಂದ ಶುರುವಾಯಿತು ನೋಡಿ ಗಮ್ಮತ್ತು. ಗುರುಬಾಯಿ ಮಗ್ಗದಲ್ಲಿ ನೂಲು ತುಂಬಿದ ಲಾಳಿಯನ್ನು ಅತ್ತಿಂದಿತ್ತ ಓಡಿಸುತ್ತಾ "ಲಾಳಿ ಹೋತು... ಲಾಳಿ ಬಂತು!" ಎನ್ನುವಳು. ಮಗಳ ಮುಖ ನೋಡಿ ಕಾಯುವಳು. ತಾರಾ ಬಿದ್ದ ನೂಲುಂಡೆ ಎತ್ತಿಕೊಟ್ಟರೆ "ಶಾಣ್ಯಾಕಿ ನನ್ನ ಮಗಳು!" ಎನ್ನುವಳು. ತಕ್ಷಣ ಕಾಶವ್ವ ಓಡಿ ಬಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವಳು. ಮನೆಮಂದಿಗೆಲ್ಲ ಕೆಮ್ಮು, ಸೀನು, ಅದರ ಮೇಲೆ ನಗು.

ಪಂಚಮಿ ಇನ್ನೂ ಬಂದಿರಲಿಲ್ಲ. ಒಂದು ಮಧ್ಯಾಹ್ನ ಗುರುಬಾಯಿ "ಲಾಳಿ ಹೋತು" ಎಂದಳು, ಎಂದಿನಂತೆ ಕಾದಳು. ಪಕ್ಕದಿಂದ ಪುಟ್ಟ ದನಿ ಬಂತು.

"ಬಂತು, ಅವ್ವಾ!"

ಗುರುಬಾಯಿ ಮಗ್ಗ ಬಿಟ್ಟೆದ್ದು ಮಗಳನ್ನು ತಬ್ಬಿಕೊಂಡು ಅತ್ತಳು. ಎಂಥ ಸಂತೋಷದ ಅಳು ಅದು! ಕಾಶವ್ವನೂ ಅತ್ತಳು, ಕೇಳಿದರೆ ಮೆಣಸಿನಕಾಯಿ ಹೊಗೆ ಎಂದು ಸುಳ್ಳು ಹೇಳಿದಳು.

ಸುದ್ದಿ ಕೇಳಿ ಹಸೀನಾ ಓಡಿ ಬಂದಳು. "ಆಯಿ, ಓಣ್ಯಾಗ ಇನ್ನೂ ಎಷ್ಟೋ ಕೂಸು ಹಿಂಗ ಸುಮ್ಮನ ಕುಂತಾವು. ನೂಲು ಒಯ್ಯಾಕ ಬಂದವರಿಗೆ ನೀವ ಹೇಳ್ರಿ."

ಕಾಶವ್ವ ಬಾಗಿಲು ಮುಂದೆ ಮಾಡಿದಳು. "ಓಣಿಗೆಲ್ಲ ಹೇಳಿದ್ರ ನನ್ನ ಮೊಮ್ಮಗಳಿಗೆ ದೃಷ್ಟಿ ಆಗತೈತಿ. ಯಾರೂ ಬಾಯಿ ಬಿಡಬ್ಯಾಡ್ರಿ!"

ಗುರುಬಾಯಿ ಎಂದೂ ಅತ್ತೆಗೆ ಎದುರಾಡಿದವಳಲ್ಲ. ಅವತ್ತು ಆಡಿದಳು. "ಅತ್ತಿ, ದೃಷ್ಟಿ ಆಗಿದ್ರ ಮೆಣಸಿನಕಾಯಿ ಘಾಟು ಹೊಡಿಯೂದಿಲ್ಲ ಅಂತ ನೀವ ಹೇಳ್ತೀರಿ. ಇಲ್ಲಿ ಕೆಮ್ಮಿ ಕೆಮ್ಮಿ ನಮ್ಮ ಜೀವ ಹೋಗಾಕತ್ತೈತಿ! ಹೊಗಳಿದ್ದಕ್ಕ ಒಂದು ಸಲಾನೂ ದೃಷ್ಟಿ ಆಗಿಲ್ಲ. ಲಡಿ ಬಣ್ಣ ಹಿಡಿದೈತಿ. ಉಳಿದ ನೂಲು ಬಿಳೇದ ಇಡತೀರೇನು?"

ಕಾಶವ್ವ ಮೊಮ್ಮಗಳ ಕಡೆ ನೋಡಿದಳು. ಆಮೇಲೆ ಅವಳನ್ನು ಸೊಂಟಕ್ಕೆ ಏರಿಸಿಕೊಂಡು ಬಾಗಿಲು ತೆರೆದು ಓಣಿಗೆ ಕೇಳುವಂತೆ ಕೂಗಿದಳು.

"ಏ ಹುಡುಗ್ಯಾರ! ನೂಲು ಒಯ್ಯಾಕ ಬರೂ ಮುಂದ ಕೂಸು ಎತ್ಕೊಂಡು ಬರ್ರಿ, ಹೆಂಗ ಮಾತಾಡಬೇಕು ತೋರಸ್ತೀನಿ. ಕೂಸಿನ ಜೋಡಿ ಮಾತಾಡದವರ ನೂಲಿಗೆ ನಾ ಬಣ್ಣ ಹಾಕೂದಿಲ್ಲ!"

ಈಗ ಆ ಓಣಿಯಲ್ಲಿ ಮಗ್ಗದ ಸದ್ದಿಗಿಂತ ಮಕ್ಕಳ ಸದ್ದೇ ಹೆಚ್ಚು. "ಸುಮ್ಮನ ಕೂಡು" ಎಂದರೆ ಒಂದೂ ಕೂರುವುದಿಲ್ಲ. ಕಾಶವ್ವನ ಮಧ್ಯಾಹ್ನದ ನಿದ್ದೆ ಹಾಳಾಗಿದೆ. ಬೈಯುತ್ತಾಳೆ, ಬೈದು ತಾನೇ ನಗುತ್ತಾಳೆ.

ನೀತಿ: ಇನ್ನೂ ಮಾತು ಬಾರದ ಕೂಸಿನ ಜೊತೆಗೂ ಮಾತಾಡಿ, ಬಾಯ್ತುಂಬ ಮೆಚ್ಚಿ. ಮಾಡಿ ನೋಡಿ ಒಳ್ಳೆಯದೆಂದು ಕಂಡದ್ದನ್ನು ನಮ್ಮ ಮನೆಯೊಳಗೇ ಬಚ್ಚಿಡದೆ, ಓಣಿಯ ಕೊನೆಯ ಮನೆಯ ಕೂಸಿಗೂ ಮುಟ್ಟಿಸಬೇಕು.